ಬಿಸಿಲಿಗೆ ಹಾಕುವ ಬಟ್ಟೆ

ಬಟ್ಟೆಯನ್ನು ಬಿಸಿಲಿನಲ್ಲಿ ಒಣಗಿಸು ಎಂದು ನಾನು ಹೇಳಿದ್ದೆ. ಎಲ್ಲಿ ಒಣಗಿಸಬೇಕು ಎಂದು ಹೇಳಿರಲಿಲ್ಲ. ತಪ್ಪು ಅಲ್ಲೇ ಆದದ್ದು.

2001ರ ಜನವರಿ. ಬಿ.ಎಸ್ಸಿ. ಮುಗಿಸಿ ಕುಂದಾಪುರದ ಒಂದು ಸಂಸ್ಥೆಗೆ ಆರೋಗ್ಯ ಕಾರ್ಯಕರ್ತೆಯಾಗಿ ಸೇರಿ ಐದು ತಿಂಗಳಾಗಿತ್ತು. ಪ್ರತಿ ಭಾನುವಾರ ಬಸ್ರೂರಿನಿಂದ ಹೊರಟು ಕೋಡಿಯ ಕಡಲಬದಿಗೆ ಹೋಗಿ, ಮೀನುಗಾರರ ಮನೆಯ ಹುಡುಗಿಯರಿಗೆ ಮೈಯ ಬೆಳವಣಿಗೆ, ಮುಟ್ಟು, ಗರ್ಭಕೋಶ, ಸೋಂಕು ಇವನ್ನೆಲ್ಲ ತಿಳಿಸಿಕೊಡುವುದು ನನ್ನ ಕೆಲಸ. ತರಗತಿ ಮೊದಲು ನಡೆಯುತ್ತಿದ್ದದ್ದು ಭಜನಾ ಮಂದಿರದ ಜಗಲಿಯಲ್ಲಿ. ಹದಿನೆಂಟು ಹುಡುಗಿಯರಲ್ಲಿ ಪ್ರತಿ ವಾರ ಇಬ್ಬರು ಮೂವರು ಬರುತ್ತಿರಲಿಲ್ಲ, ಪ್ರತಿ ಸಲವೂ ಬೇರೆಯವರು. ಹಾಜರಿ ಪುಸ್ತಕವನ್ನು ತಿರುವಿ ತಿರುವಿ ಆರನೇ ವಾರಕ್ಕೆ ನನಗೆ ಅರ್ಥವಾಯಿತು. ಮುಟ್ಟಾದವರು ಮಂದಿರದ ಬಳಿ ಬರುವಂತಿಲ್ಲ. ತರಗತಿಯನ್ನು ಅಂಗನವಾಡಿಗೆ ಬದಲಾಯಿಸಿದೆ.

ಅಲ್ಲಿ ಒಂದು ಭಾನುವಾರ ಎಲ್ಲರೂ ಹೋದ ಮೇಲೆ ದೀಕ್ಷಾ ಹಿಂದೆ ಉಳಿದಳು. ಹತ್ತನೇ ತರಗತಿಯ ಹುಡುಗಿ. ಎರಡು ತಿಂಗಳಿಂದ ತುರಿಕೆ, ಉರಿ, ಮೂತ್ರಕ್ಕೆ ಕೂತರೆ ಕಣ್ಣಲ್ಲಿ ನೀರು. ಮುಟ್ಟಿನ ಬಟ್ಟೆ ಎಲ್ಲಿ ಒಣಗಿಸುತ್ತೀ ಎಂದು ಕೇಳಿದೆ. ಕಟ್ಟಿಗೆ ಕೊಟ್ಟಿಗೆಯಲ್ಲಿ, ತೆಂಗಿನ ಗರಿಗಳ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ. ಅದು ಪೂರ್ತಿ ಒಣಗುವುದೇ ಇಲ್ಲ, ಹಸಿಯದನ್ನೇ ಮತ್ತೆ ಬಳಸುವುದು.

"ಬಿಸಿಲಿಗೆ ಹಾಕು," ಎಂದೆ. "ಗುರುವಾರ ಕುಂದಾಪುರದಲ್ಲಿ ಲೇಡಿ ಡಾಕ್ಟರಿಗೆ ತೋರಿಸುವ. ಅಮ್ಮನಿಗೆ ಹೇಳಿಡು."

ಅವಳು ಹೇಳಿದ್ದನ್ನು ಮಾಡುವ ಹುಡುಗಿ. ಮರುದಿನ ಬೆಳಿಗ್ಗೆ ಮನೆಯಂಗಳದಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೀಳುವ ಜಾಗ ಹುಡುಕಿ ಬಟ್ಟೆ ಹರವಿದಳು. ಅದು ಅವಳ ಅಪ್ಪ ಬಲೆ ಒಣಗಿಸುವ ಹಗ್ಗ. ಬಲೆ ಎತ್ತಿಕೊಳ್ಳಲು ಬಂದ ಅಪ್ಪ ಬಟ್ಟೆಯನ್ನು ನೋಡಿದ, ಬಲೆ ಹೆಗಲಿಗೇರಿಸಿ ಕಡಲಿಗೆ ಹೋದ. ದೋಣಿ ಖಾಲಿ ಬಂತು. ಸಂಜೆ ಮೈಲಿಗೆ ಕಳೆಯಲೆಂದು ಬಲೆಗೆ ತೀರ್ಥ ಚಿಮುಕಿಸಿದರು. ದೀಕ್ಷಾಳ ಅಜ್ಜಿ ಪದ್ದು, ಇನ್ನು ತರಗತಿಯೂ ಬೇಡ, ಡಾಕ್ಟರೂ ಬೇಡ ಎಂದುಬಿಟ್ಟಳು.

ಮಂಗಳವಾರ ನಾನು ಅವರ ಮನೆಗೆ ಹೋದೆ. ದೀಕ್ಷಾಳ ಅಮ್ಮ ಸುಗುಣ ಅಂಗಳದಲ್ಲಿ ಚಾಪೆ ಹಾಸಿ ನಂಗು ಮೀನು ಒಣಹಾಕುತ್ತಿದ್ದಳು. ಪದ್ದಜ್ಜಿ ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದಳು.

"ಹ್ವಾಯ್, ಟೀಚರಮ್ಮ ಬಂದ್ರ್. ಇವತ್ ಎಂತ ಒಣ್ಸುಕೆ ಹೇಳ್ತ್ರಿ?"

"ತಪ್ಪು ನನ್ನದು ಅಜ್ಜಿ. ಅವಳದ್ದಲ್ಲ."

"ಅದ್ ನಂಗೂ ಗೊತ್ತಿತ್ತ್."

ಹಸಿ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹೇಗೆ ಬೆಳೆಯುತ್ತವೆ ಎಂದು ಚಿತ್ರ ಬರೆದುಕೊಂಡು ಹೋಗಿದ್ದೆ. ಬಿಡಿಸಿ ತೋರಿಸಿದೆ. ಅಜ್ಜಿ ಹಾಳೆಯನ್ನು ದೂರ ಹಿಡಿದು ನೋಡಿ ವಾಪಸು ಕೊಟ್ಟಳು.

"ಕಾಣದ್ ಹುಳಕ್ ಹೆದ್ರಿ, ಕಾಂಬು ಗಂಡ್ಸ್ರ ಎದ್ರಿಗ್ ಹರ್ಗುದಾ? ಬೆಸ್ಟ್ ಆಯ್ತ್."

ನಾನು ಹಾಳೆ ಮಡಚಿಕೊಂಡೆ. ಕೊಟ್ಟಿಗೆಯ ಬಾಗಿಲಲ್ಲಿ ದೀಕ್ಷಾ ನೆಲ ನೋಡುತ್ತ ನಿಂತಿದ್ದಳು. ಗುರುವಾರ ಇವಳನ್ನು ಕರೆದೊಯ್ಯಲಾಗದಿದ್ದರೆ ಈ ಹುಡುಗಿ ಇನ್ನೆಂದೂ ಯಾರ ಬಳಿಯೂ ಬಾಯಿ ಬಿಡುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಅಷ್ಟರಲ್ಲಿ ಸುಗುಣ ಚಾಪೆಯ ಮೂಲೆಯಿಂದ ಒಂದು ಮೀನು ಎತ್ತಿದಳು. ತೆಂಗಿನ ಮರದ ನೆರಳು ಬೀಳುವ ಮೂಲೆ. ಹೊಟ್ಟೆಯ ಭಾಗ ಒತ್ತಿ, ಮೂಸಿ, ಅತ್ತೆಯ ಮೂಗಿನ ಹತ್ತಿರ ಹಿಡಿದಳು.

"ಅತ್ತೀ, ಇದ್ನ ಮಾರುಕಾತ್ತಾ?"

"ಎಂತ ಮಾರುದ್, ಒಳ್ಗೆ ಹಸಿ ಇತ್ತ್. ನಾಳಿಗ್ ಹುಳ ಬೀಳತ್ತ್."

"ಮೀನಿಗ್ ಬಿದ್ರೆ ಬಿಸಾಡುದ್. ಹೆಣ್ ಮೈಗ್ ಬಿದ್ರೆ?"

ಪದ್ದಜ್ಜಿ ಕಾಗೆ ಇಲ್ಲದ ಕಡೆಗೆ ಕೋಲು ಬೀಸಿದಳು. "ಆದ್ರೂ ಬಲೆ ಹಗ್ಗದ್ ಬದಿಗ್ ಬ್ಯಾಡ," ಎಂದಳು.

ಜಾಗ ಹುಡುಕಿದ್ದು ಸುಗುಣಳೇ. ಬಚ್ಚಲಿನ ಹಿಂದೆ ಮಧ್ಯಾಹ್ನ ಪೂರ್ತಿ ಬಿಸಿಲು, ಗಂಡಸರ ಓಡಾಟವಿಲ್ಲ. ಕಾಗೆ ಬಾರದಂತೆ ಮೀನಿಗೆ ತೆಳು ಬಟ್ಟೆ ಮುಚ್ಚುವ ರೂಢಿ ಇತ್ತಲ್ಲ, ಹಾಗೇ ಮೇಲೊಂದು ಹಳೆಯ ಪಂಚೆ ಹೊದೆಸಿದರೆ ಕಾಣುವುದೂ ಇಲ್ಲ.

ಪಂಚೆಯೊಳಗೆ ಬಿಸಿ ಸಾಲುತ್ತದೆಯೇ ಎಂಬ ಸಂಶಯ ನನಗೆ. ಬುಧವಾರ ಥರ್ಮಾಮೀಟರ್ ತಂದು ಮಧ್ಯಾಹ್ನ ಒಂದಕ್ಕೆ ಇಟ್ಟು ನೋಡಿದೆ. ಬಯಲಿನಲ್ಲಿ ನಲವತ್ತೇಳು ಡಿಗ್ರಿ, ಪಂಚೆಯ ಅಡಿಯಲ್ಲಿ ನಲವತ್ತಮೂರು, ಕೊಟ್ಟಿಗೆಯಲ್ಲಿ ಮೂವತ್ತು. ಸುಗುಣ ಪಂಚೆಯಡಿ ಅಂಗೈ ತೂರಿಸಿ ನಕ್ಕಳು.

"ಇದಕ್ ಕಡ್ಡಿ ಎಂತಕೆ ಮಾರಾಯ್ತಿ, ಕೈ ಇಲ್ಯಾ?"

ಡಾಕ್ಟರ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಕೇಳಿದರೆ ಇಲ್ಲ ಎಂದು ಬಿಡುತ್ತಾರೇನೋ ಎಂದು ನಾನೂ ಕೇಳಲಿಲ್ಲ. ಗುರುವಾರ ಒಂಬತ್ತಕ್ಕೆ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕೋಡಿಯ ಒಂದು ಬಸ್ ಬಂತು, ಅದರಲ್ಲಿ ಅವರಿರಲಿಲ್ಲ. ಮುಂದಿನ ಬಸ್ಸಿಗೆ ನಲವತ್ತು ನಿಮಿಷ. ಅದರ ಹಿಂದಿನ ಬಾಗಿಲಿನಿಂದ ಮೊದಲು ಒಣಮೀನಿನ ಬುಟ್ಟಿ ಇಳಿಯಿತು, ಆಮೇಲೆ ಸುಗುಣ, ಅವಳ ಬೆನ್ನಿಗೆ ದೀಕ್ಷಾ.

"ಅಜ್ಜಿ ಒಪ್ಪಿದ್ರಾ?" ಎಂದು ಕೇಳಿದೆ.

"ಒಪ್ಪುದ್ ಎಂತ. ಪ್ಯಾಟಿಗ್ ಹೋಪುದಾರೆ ಬರಿಗೈಯಂಗ್ ಹೋಯ್ಬೇಡ, ಮೀನ್ ತಕಂಡ್ ಹೋಗ್ ಅಂದ್ರ್."

ಡಾಕ್ಟರು ದೀಕ್ಷಾಳನ್ನು ಪರದೆಯ ಹಿಂದೆ ಪರೀಕ್ಷಿಸಿ ಬಂದು ಕೈ ತೊಳೆದುಕೊಂಡರು. ಶಿಲೀಂಧ್ರದ ಸೋಂಕು, ಹೆದರುವಂಥದ್ದಲ್ಲ, ಎರಡು ವಾರದ ಔಷಧಿ ಸಾಕು ಎಂದರು. ಎಷ್ಟು ದಿನದಿಂದ ಇದೆ ಎಂದು ಕೇಳಿದಾಗ ದೀಕ್ಷಾ ನನ್ನ ಮುಖ ನೋಡದೆ ತಾನೇ ಉತ್ತರಿಸಿದಳು.

"ಎರಡು ತಿಂಗಳು."

"ಮೊದಲೇ ಬರಬೇಕಿತ್ತಲ್ಲ."

ಗೋಡೆಗೆ ಒರಗಿ ನಿಂತಿದ್ದ ಸುಗುಣ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಂಗ್ ಇದ್ ಏಳ್ ವರ್ಷದಿಂದ ಇತ್ತ್, ಡಾಕ್ಟ್ರಮ್ಮ," ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ದೀಕ್ಷಾ ಅಮ್ಮನನ್ನು ಒಂದು ಕ್ಷಣ ನೋಡಿ, ಎದ್ದು, ಕೂತಿದ್ದ ಸ್ಟೂಲನ್ನು ಅವಳ ಕಡೆಗೆ ತಳ್ಳಿದಳು.