ಮಂಗಳವಾರದ ದಮ್ಮು

ಆಡೂರಿನ ಭಾಗ್ಯಶ್ರೀಯ ಮಾತು ಅರ್ಥ ಮುಗಿದಲ್ಲಿ ನಿಲ್ಲುತ್ತಿರಲಿಲ್ಲ, ಉಸಿರು ಮುಗಿದಲ್ಲಿ ನಿಲ್ಲುತ್ತಿತ್ತು. ಉಳಿದರ್ಧವನ್ನು ಅತ್ತೆ ಶಿವಬಸವ್ವ ಧಾರಾಳವಾಗಿ ತುಂಬಿಕೊಡುತ್ತಿದ್ದರು. ಬಸುರಿಯಾದ ಹೊಸದರಲ್ಲಿ ಸೊಸೆ "ಅತ್ತಿಯವರ, ನನಗ ಹುಣಸಿಕಾಯಿ…" ಎಂದು ನಿಂತದ್ದೇ ತಡ, ಬುಟ್ಟಿ ತುಂಬ ಹುಣಸೆಕಾಯಿ ಮನೆಗೆ ಬಂತು. "ಸೇರಂಗಿಲ್ರಿ" ಎಂಬ ಮಾತು ಗಂಟಲಲ್ಲೇ ಉಳಿದ ಪುಣ್ಯಾತ್ಗಿತ್ತಿ, ಹಲ್ಲು ಜುಮ್ಮೆನ್ನುತ್ತಿದ್ದರೂ ಎರಡು ತಿಂಗಳು ಅದನ್ನು ತಿಂದಳು.

ನಡಿಗೆಯಲ್ಲೂ ಅದೇ ಸಂಕೋಚ. ಹತ್ತು ಹೆಜ್ಜೆಗೊಮ್ಮೆ ನಿಂತು ಚಪ್ಪಲಿ ಸರಿಮಾಡಿಕೊಳ್ಳುವಳು. ಚಪ್ಪಲಿ ಸರಿಯಾಗಿಯೇ ಇರುತ್ತಿತ್ತು. ಹಾನಗಲ್ಲಿನ ಡಾಕ್ಟರು ಬೆಳಿಗ್ಗೆ-ಸಂಜೆ ಬಾಯಿಂದ ಔಷಧ ಎಳೆದುಕೊಳ್ಳಲು ಒಂದು, ತುರ್ತಿಗೆ ಒಂದು ಪಂಪು ಕೊಟ್ಟ ಮೇಲೆ ದಮ್ಮು ಹತೋಟಿಗೆ ಬಂದಿತ್ತು, ಮಂಗಳವಾರ ಒಂದನ್ನು ಬಿಟ್ಟು. ವಾರವಾರವೂ ಅಂದೇ ಅವಳ ಎದೆ ಸುಂಯ್‌ಗುಡುವುದು.

ರೋಗನಿದಾನದಲ್ಲಿ ಶಿವಬಸವ್ವ ಹಿಂದೆ ಬೀಳುವವರಲ್ಲ. ಆರನೆಯ ತಿಂಗಳ ಒಂದು ಮಂಗಳವಾರ, ಇದು ದೃಷ್ಟಿಯೇ ಸರಿ ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಏಳದಿದ್ದರೆ ದೃಷ್ಟಿ, ಎದ್ದರೆ ಇಲ್ಲ ಎಂಬುದು ಅವರ ಶಾಸ್ತ್ರ. ಹಿತ್ತಲ ಎಮ್ಮೆಯೂ ಸೀನುವಷ್ಟು ಘಾಟು ಎದ್ದಿತು.

"ದೃಷ್ಟಿ ಅಲ್ಲ ಬಿಡವಾ," ಎಂದು ತೀರ್ಪು ಕೊಟ್ಟು ತಿರುಗಿದರೆ, ಸೊಸೆ ಗೋಡೆ ಹಿಡಿದು ಕುಸಿದಿದ್ದಳು, ತುಟಿ ನೀಲಿಗಟ್ಟಿತ್ತು. ದೈವ ದೊಡ್ಡದು, ಅದೇ ಹೊತ್ತಿಗೆ ತಾಯಿ ಕಾರ್ಡು ನೋಡಲು ಬಂದ ಆಶಾ ಕಾರ್ಯಕರ್ತೆ ಸಮತಾ ಅವಳನ್ನು ಬಯಲಿಗೆ ತಂದು, ತುರ್ತಿನ ಪಂಪು ಬಾಯಿಗಿಟ್ಟು, ಹಾನಗಲ್ಲಿನ ಆಸ್ಪತ್ರೆ ಮುಟ್ಟಿಸಿದಳು.

ಉಸಿರು ತಿರುಗಿದ ಮೇಲೆ ಸಮತಾ ಕೇಳಿದಳು: "ನಿನ್ನೆ ಪಂಪ್ ತಗೊಂಡಿದ್ದೇನವಾ?"

"ಸೋಮವಾರ ಉಪಾಸ… ಬಾಯಾಗ ಏನೂ ಹಾಕ್ಕೊಳ್ಳಂಗಿಲ್ಲ. ಕೂಸು ಚಲೋ ಇರ್ಲಿ ಅಂತ… ಬೇಡ್ಕೊಂಡೇನಿ."

"ಪಂಪ್ ಏನ್ ಊಟ ಆತೇನವಾ? ನಿನ್ನ ಉಸಿರಿನ್ಯಾಗ ಕೂಸಿನ ಉಸಿರೈತಿ. ನೀ ಬಿಟ್ರ ಅದಕ್ಕೂ ಉಪಾಸ."

ಉಪವಾಸ ಹೇಳಿಕೊಟ್ಟವರು ಶಿವಬಸವ್ವನವರೇ. ಹೆದರಿ ಅತ್ತೇಬಿಟ್ಟರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಸೋಮವಾರ ಇನ್ನ ನಾ ಹಿಡೀತೇನಿ. ನೀ ಉಣ್ಣು, ಪಂಪ್ ತಗೋ," ಎಂದರು. ಅಂದಿನಿಂದ ಸೋಮವಾರ ಸಂಜೆ ಹಸಿದ ಅತ್ತೆಯ ಬೈಗುಳಕ್ಕೆ ಮನೆಮಂದಿಯೆಲ್ಲ ಹೆದರುತ್ತಾರೆ. ಮಂಗಳವಾರ ಮಾತ್ರ ಬುಧವಾರದಷ್ಟೇ ಸಪ್ಪೆಯಾಗಿ ಕಳೆಯುತ್ತದೆ.

ಇಂಥ ಹೆಣ್ಣುಮಕ್ಕಳು ನಮ್ಮ ಸೀಮೆಯಲ್ಲಿ ಮನೆಗೊಬ್ಬರು. ತಾವು ಬಿಟ್ಟದ್ದೆಲ್ಲ ಮಕ್ಕಳಿಗೆ ಸೇರುತ್ತದೆಂದು ನಂಬಿ ತುತ್ತು ಬಿಡುತ್ತಾರೆ, ನಿದ್ದೆ ಬಿಡುತ್ತಾರೆ, ಕೊನೆಗೆ ಔಷಧವನ್ನೂ ಬಿಡುತ್ತಾರೆ. ಯಾವ ದೇವರೂ ಅವರನ್ನು ಅದು ಕೇಳಿರುವುದಿಲ್ಲ. ಹೊಟ್ಟೆಯೊಳಗಿನ ಕೂಸಿಗಂತೂ ಬೇಕಾದದ್ದು ಅವ್ವ ಹೊಟ್ಟೆ ತುಂಬ ಉಂಡು ಎದೆ ತುಂಬ ಉಸಿರಾಡುವುದು, ಅಷ್ಟೇ.