ಸಿದ್ರಾಕನ ಕೊನೆಯ ಮಾತು

ಕಪ್ಪು ಬಟ್ಟೆ ಸುತ್ತಿದ ಕಂಬದ ಮೇಲೆ ನೊಣವೊಂದು ಕೂತಿದೆ, ಕಪ್ಪಿನ ಮೇಲೆ ಕಪ್ಪು, ಹಾರಿದರೆ ಮಾತ್ರ ಅಲ್ಲಿತ್ತೆಂದು ತಿಳಿಯಬೇಕು, ಲಬೀಬಾ ಅದನ್ನೇ ನೋಡುತ್ತಿದ್ದಾಳೆ, ಯಾಕೆಂದರೆ ಪಕ್ಕಕ್ಕೆ ತಿರುಗಿದರೆ ಬಹೀಗಾ ಕಾಣುತ್ತಾಳೆ, ಒಡಹುಟ್ಟಿದ ತಂಗಿ, ಅಳುತ್ತಿದ್ದಾಳೆ — ಅಂಥಿಂಥ ಅಳುವಲ್ಲ, ಕಂದು ಶಾಲು ಹೊದ್ದ ಭುಜ ಕುಲುಕಿಸಿ, ಮೂಗು ಸೋರಿಸಿ, ಯೇಸು ಈಗಷ್ಟೇ ಮೂಲೆಮನೆಯಲ್ಲಿ ತೀರಿಕೊಂಡ ಸುದ್ದಿ ಬಂತೇನೋ ಎಂಬಂತೆ, ಇಡೀ ಮಲ್ಲವಿ ಊರೇ ಇಗರ್ಜಿಯೊಳಗೆ ತುರುಕಿಕೊಂಡಿದೆ, ಶಿಲುಬೆಯ ಶುಕ್ರವಾರ, ಬೆಳಗಿನಿಂದ ಯಾರ ಗಂಟಲಿಗೂ ಹನಿ ನೀರಿಲ್ಲ, ಆದರೂ ಇವಳ ಕಣ್ಣಿಗೆ ಎಲ್ಲಿಂದ ಬರುತ್ತದೋ ಇಷ್ಟು ನೀರು, ಲಬೀಬಾಳ ಹೊಟ್ಟೆಯಲ್ಲಿ ಉರಿ, ಉಪವಾಸದ ಉರಿಯಲ್ಲ, ಇದು ಹಳೆಯದು, ನಂಬಿಕೆ ಹೋದ ಮೇಲೂ ಹೋಗದೆ ಉಳಿದದ್ದು. ಮನೆಯಲ್ಲೇ ಇರುತ್ತೇನೆ ಅಂದಿದ್ದಳು, ಬಹೀಗಾ ಬಿಡಲಿಲ್ಲ, ಹೊಸ್ತಿಲ ಮೇಲೆ ಕೂತೇಬಿಟ್ಟಳು, ನೀ ಬರ್ದಿದ್ರೆ ನಾನೂ ಹೋಗಲ್ಲ ಅಕ್ಕಾ, ಪಾಪ ನಿಂಗೇ ಸುತ್ಕೊಳ್ಳತ್ತೆ, ನೋಡ್ಕೋ. ಹಿಂದಿನ ಸಾಲಿನಿಂದ ನೆರೆಮನೆಯ ಉಮ್ಮ ರಿಫ್ಕಾಳ ಬೆರಳು ಬೆನ್ನಿಗೆ ಚುಚ್ಚುತ್ತದೆ, ಏನೇ ಲಬೀಬಾ, ಕೊರಡಿನ ಹಾಗೆ ಕೂತಿದೀಯಲ್ಲ, ಗಂಡ ಹೋಗಿ ವರ್ಷ ತುಂಬಿಲ್ಲ, ಅವನ ನೆಪದಲ್ಲಾದ್ರೂ ಒಂದು ತೊಟ್ಟು ಹಾಕಮ್ಮ, ಈರುಳ್ಳಿ ಬೇಕಿದ್ರೆ ಹೇಳು, ಸಂಜೆ ಫೂಲ್ ಕಾಳಿಗೆ ಅಂತ ಚೀಲದಲ್ಲೇ ಇಟ್ಕೊಂಡಿದೀನಿ. ಅಕ್ಕಪಕ್ಕದವರು ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಾರೆ — ಬಟ್ಟೆ, ತುಟಿಗೆ ಒತ್ತಿದ ಬಟ್ಟೆ, ಬೇಡ, ನೊಣ ನೋಡು, ನೊಣ ಎಲ್ಲಿ ಹೋಯಿತು.

ಒಂಬತ್ತನೆಯ ತಾಸಿನ ಓದು, ಯೇಸು ಪ್ರಾಣಬಿಟ್ಟ ಮಧ್ಯಾಹ್ನ ಮೂರರದ್ದು, ಶುರುವಾಗಿದೆ, ಮತ್ತಾಯ ಮುಗಿದು ಮಾರ್ಕ, ಮಾರ್ಕ ಮುಗಿದು ಲೂಕ, ಆಮೇಲೆ ಯೋಹಾನ, ಒಂದೇ ಸಾವನ್ನು ನಾಲ್ಕು ಸಲ ಓದುತ್ತಾರೆ, ವರ್ಷಾ ವರ್ಷಾ, ಎಲ್ಲರ ಕಿವಿಯ ಮೇಲೇ ಓದುತ್ತಾರೆ, ಯಾರಿಗೂ ಕೇಳಿಸುವುದಿಲ್ಲ. ದೇವರೇ ಯಾಕೆ ನನ್ನ ಕೈಬಿಟ್ಟೆ ಎಂದು ಕೂಗಿ ಸತ್ತ, ಅನ್ನುತ್ತಾರೆ ಇಬ್ಬರು, ಇಲ್ಲ, ತಂದೆಯ ಕೈಗೆ ಜೀವ ಒಪ್ಪಿಸಿ ನೆಮ್ಮದಿಯಾಗಿ ಹೋದ, ಅನ್ನುತ್ತಾನೆ ಲೂಕ, ಮುಗಿಯಿತು ಎಂದಷ್ಟೇ ಹೇಳಿ ತಲೆ ಬಾಗಿಸಿದ, ಅನ್ನುತ್ತಾನೆ ಯೋಹಾನ. ಭಾನುವಾರದ ಪಾಠದಲ್ಲಿ ಹುಡುಗಿಯರಿಗೆ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ ಹೇಳಿಕೊಟ್ಟವಳು ಲಬೀಬಾಳೇ, ಮಣಿಸರದ ಹಾಗೆ, ಒಂದು ದಿನ ನಾಲ್ಕನ್ನೂ ಪಕ್ಕಪಕ್ಕ ತೆರೆದಿಟ್ಟುಕೊಂಡು ಓದಿದಳು, ದಾರ ಕಳಚಿತು. ಪಾದ್ರಿ ಅಬೂನಾ ಬೀಮನ್ ಗಡ್ಡ ನೀವಿಕೊಂಡರು, ನಾಲ್ಕು ಜನ ನಾಲ್ಕು ಕಡೆ ನಿಂತು ನೋಡಿದಾರೆ ಮಗಳೇ, ಅಷ್ಟೇ. ನಿಂತಿದ್ರು ಅಂತ ಯಾರು ಹೇಳಿದ್ರು ಅಬೂನಾ, ಗಂಡಸರೆಲ್ಲ ಓಡಿಹೋಗಿದ್ರಲ್ಲ, ಹೆಂಗಸರು ದೂರದಲ್ಲಿ ನಿಂತು ನೋಡ್ತಿದ್ರು ಅಂತ ಮೂರು ಕಡೆ ಇದೆ, ಶಿಲುಬೆಯ ಬುಡದಲ್ಲೇ ಇದ್ರು ಅಂತ ಒಂದು ಕಡೆ, ದೂರವೋ ಹತ್ತಿರವೋ? ಅವರು ನಕ್ಕರು, ದೂರ ಇದ್ರೇನು ಹತ್ತಿರ ಇದ್ರೇನು, ನೀನು ಅಡುಗೆಗೆ ಉಪ್ಪು ಹಾಕೋದು ಮರೀಬೇಡ. ದೂರ ಇದ್ದರೇನು — ದೂರ ಇದ್ದವಳನ್ನು ಕೇಳಿ ಅಬೂನಾ, ಔಷಧಿ ಅಂಗಡಿಯ ಕಟ್ಟೆಯ ಮೇಲೆ ನಿಂತವಳನ್ನು ಕೇಳಿ. ಮಾಘದ ಚಳಿ, ಸಿದ್ರಾಕನ ಉಸಿರು ಗೊರಗೊರ ಎನ್ನುತ್ತಿತ್ತು, ಡಾಕ್ಟರು ಚೀಟಿ ಬರೆದು ಹೋಗಿದ್ದರು, ಬಹೀಗಾಳೇ ಅಂದಳು, ನೀ ಹೋಗಕ್ಕಾ, ನಂಗೆ ಓದಕ್ಕೆ ಬರಲ್ಲ, ಬೇರೇನೋ ಕೊಟ್ಟು ಕಳಿಸಿದ್ರೆ? ಓದು ಬಂದವಳು ಹೋದಳು, ಬಾರದವಳು ಉಳಿದಳು. ಅಂಗಡಿಯವನು ಊಟಕ್ಕೆ ಹೋಗಿದ್ದ, ಕಾದಳು, ತಿರುಗಿ ಬಂದರೆ ಗಂಡನ ಕಣ್ಣು ಮುಚ್ಚಿಸಿಯಾಗಿತ್ತು. ಸತ್ತ ನಲವತ್ತನೆಯ ದಿನದ ಪೂಜೆಯಲ್ಲಿ ಬಹೀಗಾ ಎಲ್ಲರೆದುರು ಹೇಳಿದಳು, ಭಾವ ಕೊನೇಗಳಿಗೇಲಿ ಲಬೀಬಾ ಎಲ್ಲಿ ಅಂದ್ರು, ನೋಯಿಸಿದ್ದೀನಿ, ಕ್ಷಮಿಸು ಅಂತ ಹೇಳು ಅಂದ್ರು, ಒಣ ಬಾಯಿ, ನಾನು ಶಾಲಿನ ತುದಿ ಅದ್ದಿ ತುಟಿಗಿಟ್ಟೆ. ಹೆಂಗಸರೆಲ್ಲ ಗೊಳೋ ಎಂದರು, ಲಬೀಬಾ ಒಂದೂವರೆ ತಿಂಗಳು ಆ ಮಾತನ್ನು ಉಂಡು ಬದುಕಿದಳು. ಮೊನ್ನೆ ಮೈದುನ ಬಖೂಮ್ ಊಟಕ್ಕೆ ಬಂದವನು ರೊಟ್ಟಿ ಮುರಿಯುತ್ತ, ಕ್ಷಮಿಸು ಅಂದ್ನಾ, ಎಲ್ಲಿ ಅತ್ತಿಗೆ, ನಾನು ಬಾಗಿಲಲ್ಲೇ ಇದ್ನಲ್ಲ, ಬಹೀಗಾ ಹೋಗಬೇಡ ಅಂದ, ಅವಳು ಬಟ್ಟೆ ಒದ್ದೆ ಮಾಡಿ ಬಾಯಿಗಿಟ್ಳು, ಅಷ್ಟೇ — ಅಂದವನು ತುತ್ತು ಗಂಟಲಲ್ಲಿ ಸಿಕ್ಕಿಸಿಕೊಂಡು ಕೆಮ್ಮತೊಡಗಿದ. ಬಹೀಗಾ ಹೋಗಬೇಡ. ಇರಬಹುದು, ಯಾಕಿರಬಾರದು, ಸಿದ್ರಾಕ್ ಬಾಯ್ತುಂಬ ನಗುತ್ತಿದ್ದದ್ದು ಅವಳ ಮಾತಿಗೆ, ಮುಲೂಖಿಯಾ ಸೊಪ್ಪಿನ ಸಾರು ಅವಳು ಮಾಡಿದರೆ ಇನ್ನೆರಡು ರೊಟ್ಟಿ ಹೆಚ್ಚು, ಇವಳು ಮಾಡಿದರೆ ಪೇಪರ್ ಎಲ್ಲಿ ಎಂದು ಕೇಳುತ್ತಿದ್ದ. ಮೆತ್ತಗಿನ ಮಾತನ್ನು ಆಮೇಲೆ ಸೇರಿಸುತ್ತಾರೆ, ಸುವಾರ್ತೆಗಳಿಂದ ಕಲಿತದ್ದು ಅದೇ, ಕರುಣೆಗೆಂದು ಯಾರೋ ಸೇರಿಸುತ್ತಾರೆ, ಚುಚ್ಚುವುದೇ ಮೊದಲು ಇದ್ದದ್ದು, ಯಾರೂ ಬೇಕೆಂದು ಕಟ್ಟಿ ಹೇಳಲಾರದ್ದು.

ಬಹೀಗಾ, ಎಂದು ತನ್ನ ಬಾಯಿಂದ ಹೊರಟದ್ದು ಲಬೀಬಾಳಿಗೇ ಆಶ್ಚರ್ಯ, ಸುತ್ತ ಗಂಡಸರು ಎಳೆದೆಳೆದು ಹಾಡುತ್ತಿದ್ದಾರೆ, ಆ ಸದ್ದಿನ ಮರೆಯಲ್ಲಿ, ಬಹೀಗಾ, ಶಿಲುಬೆಯ ಮುಂದೆ ಕೂತಿದೀಯಾ, ನಿಜ ಹೇಳು, ಅವರು ಏನಂದ್ರು? ತಂಗಿ ತಿರುಗಿದಳು, ಕೆಂಪು ಕಣ್ಣು, ಬಖೂಮ್ ಬಾಯಿಬಿಟ್ನಾ? ಏನಂದ್ರು ಹೇಳು. ಏನೂ ಇಲ್ಲ ಅಕ್ಕಾ, ದೇವರಾಣೆ ಏನೂ ಇಲ್ಲ, ಮಾತೇ ಹೊರಡ್ತಿರಲಿಲ್ಲ ಅವರಿಗೆ, ಗೊರಗೊರ ಅಷ್ಟೇ, ಬಖೂಮ್‌ಗೆ ಏನು ಕೇಳಿಸ್ತೋ, ನಿಂಗೆ ಸಮಾಧಾನ ಆಗ್ಲಿ ಅಂತ ನಾನೊಂದು ಹೇಳ್ದೆ, ಒದ್ದೆ ಬಟ್ಟೇನ ಕೂಸಿನ ಹಾಗೆ ಚೀಪಿದ್ರು, ಹೋದ್ರು. ಉಸಿರಾಡಿದಳು ಲಬೀಬಾ, ಹೆಸರಿಲ್ಲ, ಯಾರ ಹೆಸರೂ ಇಲ್ಲ, ಇಷ್ಟರಲ್ಲೇ ಉಳಿದಿದ್ದರೆ ಸಾಕಿತ್ತು, ಬಹೀಗಾಳಿಗೆ ತಡೆಯಲಾಗಲಿಲ್ಲ, ಅಕ್ಕನ ಮುಖ ನೋಡಿ ಮರುಕ ಬಂದಿರಬೇಕು, ಕೈ ಹಿಡಿದು ಅಂದಳು, ಅದು ನಿನ್ನ ಶಾಲು ಅಕ್ಕಾ, ಬೂದು ಬಣ್ಣದ್ದು, ಮಂಚದ ಮೇಲೆ ಬಿಟ್ಟು ಹೋಗಿದ್ಯಲ್ಲ, ಅದೇ, ನಿನ್ನ ವಾಸನೆ ಸಿಕ್ತೇನೋ, ಕಣ್ಣು ಮುಚ್ಚಿದ್ರು. ಬೂದು ಶಾಲು. ಔಷಧಿ ಅಂಗಡಿಯ ಕಟ್ಟೆಯಲ್ಲಿ ಕಿವಿಗೆ ಗಾಳಿ ಹೊಗದಂತೆ ಬಿಗಿದು ಸುತ್ತಿಕೊಂಡದ್ದು ಬೂದು ಶಾಲು, ಚೀಟಿಯನ್ನು ಅದರ ಗಂಟಿನಲ್ಲಿ ಕಟ್ಟಿಕೊಂಡದ್ದು ಬೆರಳಿಗೆ ಇನ್ನೂ ನೆನಪಿದೆ. ಸೇರಿಸುತ್ತಾಳೆ, ತಂಗಿಯೂ ಸೇರಿಸುತ್ತಾಳೆ, ಎಷ್ಟು ಸಲೀಸಾಗಿ, ಎಷ್ಟು ಪ್ರೀತಿಯಿಂದ, ನಂಬು ಲಬೀಬಾ, ಒಂದು ಸಲ ನಂಬಿದರೆ ಏನು ಗಂಟು ಹೋಗುತ್ತದೆ, ಅಬೂನಾ ನಂಬುವ ಹಾಗೆ ನಂಬು — ಆಗುವುದಿಲ್ಲ, ಮಾತಿನಲ್ಲಿ ಯಾರಿಗೂ ಯಾರೂ ಹೊಂದುವುದಿಲ್ಲ, ಆ ನಾಲ್ವರಿಗೂ ಹೊಂದುವುದಿಲ್ಲ, ಬಖೂಮನಿಗೂ ಬಹೀಗಾಳಿಗೂ ಹೊಂದುವುದಿಲ್ಲ, ಎಲ್ಲರೂ ಒಪ್ಪುವುದು ಒಂದೇ ಒಂದು, ಹುಳಿರಸದಲ್ಲಿ ಅದ್ದಿ ಯೇಸುವಿನ ತುಟಿಗೆ ಎತ್ತಿದರು, ನೀರಿನಲ್ಲಿ ಅದ್ದಿ ಸಿದ್ರಾಕನ ತುಟಿಗೆ ಇಟ್ಟಳು, ಅದು ಮಾತ್ರ ನಿಜ, ಅದು ಮಾತ್ರ ಲಬೀಬಾಳದಲ್ಲ. ಬೂದು ಎಂದುಕೊಳ್ಳುತ್ತಾಳೆ, ಕಣ್ಣು ಬಿಗಿಯಾಗಿ ಮುಚ್ಚಿ ಬೂದು ಎಂದುಕೊಳ್ಳುತ್ತಾಳೆ, ಬಟ್ಟೆಯ ತುದಿ ತೊಟ್ಟಿಕ್ಕುತ್ತದೆ, ತುಟಿ ತೆರೆಯುತ್ತದೆ, ಕಂದು ಬಣ್ಣದ ಬಟ್ಟೆ, ಬಹೀಗಾಳ ಕಂದು ಶಾಲು, ಬಹೀಗಾಳ ಬೆರಳು, ಸಿದ್ರಾಕನ ತುಟಿ ಅದನ್ನು ಕಚ್ಚಿ ಹಿಡಿದಿದೆ, ಬಿಡುತ್ತಿಲ್ಲ, ಬಿಡುತ್ತಿಲ್ಲ