ಗಾಡಿಗೊಂದು ಪಾಲು

ಇಬ್ಬರು ಮೀನುಗಾರರಿಗೆ ಸೇರಿಸಿ ಒಂದು ಮೋಟಾರ್ ಸೈಕಲ್ ಮಾರಬಾರದು ಎಂದು ಕಾನೂನು ಬರಬೇಕು. ಅಂಕೋಲೆಯಲ್ಲಿ ಗ್ಯಾರೇಜು ಇಟ್ಟುಕೊಂಡ ನಾನು ಎಂಥೆಂಥ ಗಿರಾಕಿಗಳನ್ನು ಕಂಡಿದ್ದೇನೆ. ಆದರೆ ೨೦೦೫ರ ಮಳೆಗಾಲ ಮುಗಿದ ಮೇಲೆ ದೇವಿದಾಸ ಮತ್ತು ಕಿಶೋರ ಸೇರಿ ನನ್ನ ತಲೆ ತಿಂದಷ್ಟು ಇನ್ನಾರೂ ತಿಂದಿಲ್ಲ.

ದೇವಿದಾಸ ಕಾರವಾರದ ಬೈತಖೋಲದವನು. ಕಿಶೋರ ಬೆಳಂಬಾರದವನು, ದೇವಿದಾಸನ ಹೆಂಡತಿ ಮಾದೇವಿಯ ತಮ್ಮ. ಇಬ್ಬರದೂ ಸೇರಿ ಒಂದು ಹಳೆಯ ದೋಣಿ ಇತ್ತು. ಅದನ್ನು ಮಾರಿ, ಇನ್ನು ಊರೂರಿಗೆ ಮೀನು ಮಾರುವುದೆಂದು, ಧಾರವಾಡದ ಯಾರೋ ಒಬ್ಬ ಕಾಡು ಸುತ್ತಲು ಮಾಡಿಸಿಕೊಂಡಿದ್ದ ಗಾಡಿಯೊಂದನ್ನು ಕೊಂಡರು. ಮೇಲೆತ್ತಿದ ಮಡ್‌ಗಾರ್ಡು, ದಪ್ಪ ಕಚ್ಚುಗಳ ಟೈರು, ಉದ್ದದ ಶಾಕ್ ಅಬ್ಸಾರ್ಬರು. ರೋಡಿಗೂ ಸೈ, ಕಾಡಿಗೂ ಸೈ ಎಂಬಂಥ ಗಾಡಿ.

ಕಡಲಿಗೆ ಹೋಗುವವರ ಲೆಕ್ಕದಲ್ಲಿ ಬಂದ ಮೀನಿನಲ್ಲಿ ಆಳಿಗೊಂದು ಪಾಲಾದರೆ ದೋಣಿಗೂ ಒಂದು ಪಾಲು ಇರುತ್ತದೆ. ದೋಣಿಯ ರಿಪೇರಿಯೆಲ್ಲ ಆ ಪಾಲಿನಿಂದಲೇ. ಇವರು ಅದನ್ನೇ ಗಾಡಿಗೂ ಹಚ್ಚಿದರು. ಮೀನು ಮಾರಿ ಬಂದದ್ದರಲ್ಲಿ ದೇವಿದಾಸನಿಗೊಂದು ಪಾಲು, ಕಿಶೋರನಿಗೊಂದು ಪಾಲು, ಗಾಡಿಗೊಂದು ಪಾಲು. ಗಾಡಿಗೆ ಜೇಬಿಲ್ಲದ ಕಾರಣ ಅದರ ಪಾಲು ಮಾದೇವಿಯ ಕೈಯಲ್ಲಿ ಇರುತ್ತಿತ್ತು. ಇಲ್ಲಿಯವರೆಗೆ ಎಲ್ಲ ಚೆಂದ. ಆದರೆ ದೋಣಿಗೆ ಒಬ್ಬ ತಾಂಡೇಲ ಇರುತ್ತಾನೆ, ನೀರಿನ ಮೇಲೆ ಅವನ ಮಾತೇ ಕೊನೆಯ ಮಾತು. ಗಾಡಿಗೆ ತಾಂಡೇಲ ಯಾರು ಎಂದು ಇವರು ಇತ್ಯರ್ಥ ಮಾಡಿಕೊಂಡಿರಲಿಲ್ಲ.

ವಾರದ ಮೊದಲರ್ಧ ಗಾಡಿ ದೇವಿದಾಸನದು. ಬೈತಖೋಲ ಬಂದರಿನಲ್ಲಿ ಮೀನು, ಬರ್ಫ ಹೇರಿಕೊಂಡು ಹೈವೇ ಮೇಲೆ ಬಂದು ಅಂಕೋಲೆಯ ಹೋಟೆಲುಗಳಿಗೆ ಹಾಕುತ್ತಿದ್ದ. ದಾರಿಯಲ್ಲಿ ಮೀನಿನ ಟೆಂಪೋಗಳನ್ನೆಲ್ಲ ಹಿಂದೆ ಹಾಕದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಉಳಿದರ್ಧ ಕಿಶೋರನದು. ಅವನು ಬೆಳಂಬಾರದ ಮರಳಿನಿಂದ ಬುಟ್ಟಿ ಎತ್ತಿಕೊಂಡು ಅಗಸೂರಿನಾಚೆ ಗುಡ್ಡದ ಮೇಲಿನ ಕೇರಿಗಳಿಗೆ ಹೋಗುತ್ತಿದ್ದ.

ಹಿಂದಿನ ಚಕ್ರದ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಬಿಲ್ಲೆ, ದೊಡ್ಡದಾದಷ್ಟೂ ಗಾಡಿ ಏರು ಹತ್ತುತ್ತದೆ, ಆದರೆ ಓಡುವುದಿಲ್ಲ. ಚಿಕ್ಕದಾದರೆ ಓಡುತ್ತದೆ, ಏರಿನಲ್ಲಿ ಉಸಿರು ಬಿಡುತ್ತದೆ. ದೇವಿದಾಸನಿಗೆ ಮೂವತ್ತೆಂಟು ಹಲ್ಲಿನದು ಬೇಕು. ಕಿಶೋರನಿಗೆ ನಲವತ್ತಾರು. ನಡುವೆ ಎಲ್ಲಾದರೂ ನಿಲ್ಲಿ ಎಂದು ನಾನು ಹೇಳಿದರೆ ಇಬ್ಬರೂ ಒಂದೇ ಬಾಯಲ್ಲಿ, "ನಡೂದು ಅಂದ್ರೆ ಎರಡೂ ಕಡೆ ಸೋಲೂದು" ಎಂದರು. ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಹೀಗಾಗಿ ಬುಧವಾರ ಸಂಜೆ ಗಾಡಿ ಬೆಳಂಬಾರಕ್ಕೆ ಹೋಗುವಾಗ ನನ್ನಲ್ಲಿ ನಿಂತು ಚಿಕ್ಕ ಸ್ಪ್ರಾಕೆಟ್ ಬಿಚ್ಚಿ ದೊಡ್ಡದು ಹಾಕಬೇಕು, ಚೈನಿಗೆ ನಾಲ್ಕು ಲಿಂಕ್, ಅಂದರೆ ಕೊಂಡಿ, ಸೇರಿಸಬೇಕು. ಶನಿವಾರ ಸಂಜೆ ಕಾರವಾರಕ್ಕೆ ಹೋಗುವಾಗ ದೊಡ್ಡದು ಬಿಚ್ಚಬೇಕು, ಆ ನಾಲ್ಕು ಲಿಂಕ್ ತೆಗೆಯಬೇಕು. ಚೈನಿನ ತುಂಬ ಲಿಂಕ್ ಜೋಡಿಸುವ ಲಾಕು. ಹರಕು ಲುಂಗಿಗೂ ಅಷ್ಟು ಹೊಲಿಗೆ ಇರುವುದಿಲ್ಲ.

ಬುಧವಾರ ದೇವಿದಾಸನ ಹಿಂದೆ ಮಾದೇವಿಯೂ ಇರುತ್ತಿದ್ದಳು, ತೊಡೆಯ ಮೇಲೊಂದು ಚೀಲ ಇಟ್ಟುಕೊಂಡು. ರಾತ್ರಿ ತವರಿನಲ್ಲಿ ತಾಯಿಯ ಹತ್ತಿರ ಉಳಿದು ಮರುದಿನ ಗಂಡನ ಜೊತೆ ಬಸ್ಸಿಗೆ ವಾಪಸ್. ನಾನು ಚೈನು ಬಿಚ್ಚುತ್ತಿದ್ದರೆ ಅವಳು ಹಳೆಯ ಟೈರಿನ ಮೇಲೆ ಕೂತು ಚಡಪಡಿಸುತ್ತಿದ್ದಳು. "ಬೇಗ ಮಾಡಿ ದೇವಾನಂದಣ್ಣ. ನಾ ಹೋಗೂ ತನಕ ಆಯಿ ಊಟ ಮಾಡೂದಿಲ್ಲ."

ಒಂದು ಬುಧವಾರ ನಾನು ಮಂಜಗುಣಿಗೆ ಮದುವೆಗೆ ಹೋಗಿದ್ದೆ. ಗ್ಯಾರೇಜಿಗೆ ಬೀಗ, ಆ ನಾಲ್ಕು ಲಿಂಕ್ ಒಳಗೆ. ಕಿಶೋರ ಕಾಯುವ ಜಾತಿಯವನಲ್ಲ. ಆ ವಾರ ದೊಡ್ಡ ಸ್ಪ್ರಾಕೆಟ್ ಹೇಗೋ ಅವನ ಮನೆಯಲ್ಲೇ ಉಳಿದಿತ್ತು. ತಾನೇ ಅದನ್ನು ಕೂರಿಸಿ, ಹಿಂದಿನ ಚಕ್ರವನ್ನು ಮುಂದಕ್ಕೆ ತಳ್ಳುವಷ್ಟು ತಳ್ಳಿ, ಗಿಡ್ಡ ಚೈನನ್ನೇ ಎಳೆದು ಹಾಕಿದ.

ಮರುದಿನ ಅಗಸೂರಿನಾಚೆಯ ಏರಿನಲ್ಲಿ, ಬೀರಿ ಎಂಬ ಗಿರಾಕಿಯ ಅಂಗಳದ ಮೇಲ್ಗಡೆ, ಗಾಡಿ ಒಂದು ಹೊಂಡಕ್ಕೆ ಇಳಿದದ್ದೇ ಚೈನು ತುಂಡಾಯಿತು. ಬುಟ್ಟಿ ಹಾರಿತು. ಬಂಗಡೆ ಮೀನುಗಳು ಇಳಿಜಾರಿನಲ್ಲಿ ಜಾರಿ ಬೀರಿಯ ಅಂಗಳಕ್ಕೆ ಬಂದವು. ಕೋಳಿ, ನಾಯಿ, ಬೆಕ್ಕು ಎಲ್ಲ ಜಗಳ ಮರೆತು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತವು. ಬೀರಿ ಬಾಗಿಲಿಗೆ ಬಂದು ನೋಡಿ, "ಇಂದು ತೂಕ ಮಾಡೂದಿಲ್ವನ ತಮಾ?" ಎಂದು ಕೇಳಿದಳಂತೆ.

ಸಂಜೆ ಗಾಡಿ ಟೆಂಪೋದಲ್ಲಿ ಮಲಗಿ ನನ್ನ ಗ್ಯಾರೇಜಿಗೆ ಬಂತು. ಕಾರವಾರದ ಬಸ್ಸು ಹತ್ತಲು ಹೊರಟಿದ್ದ ದೇವಿದಾಸ, ಮಾದೇವಿ ಕೂಡ ಸುದ್ದಿ ಕೇಳಿ ಬಂದರು.

"ಲಂಗರದ ಹಗ್ಗ ಬಿಗದಾಂಗೆ ಗಟ್ಟಿ ಬಿಗದಿದ್ದೆ," ಎಂದ ಕಿಶೋರ.

"ಅದೇ ತಪ್ಪು. ಚೈನ್ ಅಂದ್ರೆ ಬಲೆ ಇದ್ದಾಂಗೆ, ಸಡಿಲ ಬಿಡ್ಬೇಕು," ಎಂದ ದೇವಿದಾಸ.

"ಚೈನು ಹಗ್ಗವೂ ಅಲ್ಲ, ಬಲೆಯೂ ಅಲ್ಲ, ಚೈನು!" ಎಂದು ನಾನು ಕೂಗಿದೆ. ಯಾರು ಕೇಳುತ್ತಾರೆ?

"ನೀವು ಲಿಂಕ್ ತೆಗ್ಸಿದ್ದಕ್ಕೇ ಹೀಂಗಾಯ್ತು ಬಾವ."

"ನೀ ಆ ಗಾಣದ ಚಕ್ರ ಹಾಕೂದಕ್ಕೇ ತೆಗ್ಸೂದು."

"ಸಾಕು. ಗಾಡಿ ಮಾರ್ವ. ಪಾಲು ಮಾಡ್ವ."

"ಮಾಡು. ಟೈರು ಹಾಕ್ಸಿದ್ದು ನಾನು, ಟೈರು ನಂಗೆ."

"ಹಾಂಗಾರೆ ಸೀಟು ನಂದು."

"ಹಾರ್ನು ಯಾರದು?" ಎಂದು ನಾನು ಕೇಳಿದೆ. ಇಬ್ಬರೂ ನಿಜವಾಗಿಯೂ ಯೋಚಿಸತೊಡಗಿದರು.

ಟೈರಿನ ಮೇಲೆ ಕೂತಿದ್ದ ಮಾದೇವಿ ಎದ್ದು ನಿಂತಳು. "ನನ್ನ ಪಾಲು ಎಲ್ಲದೆ?"

"ನಿಂಗೆಂತಾ ಪಾಲು?" ಎಂದ ಗಂಡ.

"ಮದಿ ಆದಮೇಲೆ ತವರಿಗೆ ಹಬ್ಬಕ್ಕೊಂದು ಸಲ ಹೋಗ್ತಿದ್ದೆ. ಕೇಳಿದ್ರೆ ಬಸ್ಸಿಲ್ಲ, ಪುರ್ಸೊತ್ತಿಲ್ಲ. ಈ ಗಾಡಿ ಬಂದ್ಮೇಲೆ ಬುಧವಾರ ಬುಧವಾರ ಆಯಿ ಕೈ ಊಟ ಉಣ್ತೆ. ಗಾಡಿ ಮಾರಿದ್ರೆ ನಿಮಗಿಬ್ರಿಗೂ ದುಡ್ಡು ಬರ್ತದೆ. ನಂಗೆ ಆಯಿ ಸಿಗ್ತದಾ?"

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಅಂಥ ಮಾತು ಕೇಳಿದರೆ ನನಗೆ ಅಳುವಿನ ಬದಲು ಸಿಟ್ಟು ಬರುತ್ತದೆ.

"ಇಷ್ಟು ದಿನ ಬರ್ಫದ ಭಾರ ಹೇಳಿದ್ರಿ, ಬಂಗಡೆ ಭಾರ ಹೇಳಿದ್ರಿ. ಹಿಂದೆ ಕೂರೂ ಮನಿಶರ ಭಾರ ಒಬ್ರಾದ್ರೂ ಹೇಳಿದ್ರಾ?" ಎಂದು ಇಬ್ಬರ ಮೇಲೂ ಹರಿಹಾಯ್ದೆ.

"ಅದೂ ಲೆಕ್ಕಕ್ಕೆ ಬರ್ತದಾ?" ಎಂದ ದೇವಿದಾಸ, ಪಾಪ, ಗೊತ್ತಿಲ್ಲದೆಯೇ ಕೇಳಿದ.

"ಅಕ್ಕ ಎಂತಾ ಭಾರ ಇಲ್ಲ," ಎಂದು ಕಿಶೋರ ಅವಳ ಪರ ವಹಿಸಿದ.

"ಭಾರ ಇದ್ದೆ ನಾನು!" ಎಂದಳು ಮಾದೇವಿ. "ಲೆಕ್ಕಕ್ಕೆ ಹಿಡೀರಿ. ಗಾಡಿ ಪಾಲು ನನ್ನ ಕೈಲದೆ. ರಿಪೇರಿಗೆ ದುಡ್ಡು ಕೊಡೂದು ನಾನಾದ್ರೆ ತಾಂಡೇಲನೂ ನಾನೇ. ದೇವಾನಂದಣ್ಣ, ಬುಧವಾರದ ಗಾಡಿಗೆ ಎಷ್ಟು ಹಲ್ಲು ಬೇಕು?"

ಬುಧವಾರದ ಗಾಡಿ ಎಂದರೆ ಮುಂದೆ ಗಂಡ, ಹಿಂದೆ ಹೆಂಡತಿ, ಚೀಲ, ಬುಟ್ಟಿ. ಮೊದಲು ಹೈವೇ, ಕೊನೆಗೆ ಬೆಳಂಬಾರದ ಮರಳು. "ನಲವತ್ತೆರಡು," ಎಂದೆ.

ಇಬ್ಬರೂ ಬಾಯಿ ತೆರೆದರು. ತಾಂಡೇಲ ಎಂಬ ಮಾತು ಬಂದ ಮೇಲೆ ಎದುರಾಡಿ ಅಭ್ಯಾಸವಿಲ್ಲದ ಮಂದಿ, ಹಾಗೇ ಮುಚ್ಚಿದರು.

ಹೊಸ ಸ್ಪ್ರಾಕೆಟ್, ಹೊಸ ಚೈನು ಗಾಡಿಯ ಪಾಲಿನಿಂದಲೇ ಬಂತು. ಎರಡು ದಿನ ಬಿಟ್ಟು, ಸಂತೆಯ ದಿನ, ಮೂವರೂ ಮತ್ತೆ ಗ್ಯಾರೇಜಿಗೆ ಬಂದರು. ಇಂಥ ಎತ್ತರದ ಗಾಡಿಗಳಲ್ಲಿ ಚೈನನ್ನು ಖಾಲಿ ನಿಲ್ಲಿಸಿ ಅಳೆಯಬಾರದು. ಭಾರ ಕೂತು ಹಿಂಬದಿ ತಗ್ಗಿದಾಗ ಚೈನು ಇನ್ನೂ ಬಿಗಿಯುತ್ತದೆ. ಹಾಗಾಗಿ ದೇವಿದಾಸನನ್ನು ಹತ್ತಿಸಿದೆ, ಹಿಂದೆ ಮಾದೇವಿಯನ್ನು ಕೂರಿಸಿದೆ, ಆಯಿಗೆ ಒಯ್ಯುವ ಚೀಲದ ಬದಲು ಅವಳ ತೊಡೆಯ ಮೇಲೊಂದು ಹಳೆಯ ಬ್ರೇಕ್ ಡ್ರಮ್ಮು ಇಟ್ಟೆ. ಗಾಡಿ ಬೀಳದಂತೆ ಕಿಶೋರ ಹಿಡಿದುಕೊಂಡ. ಸಂತೆಗೆ ಬಂದವರೆಲ್ಲ ಸುತ್ತ ನಿಂತರು. ಫೋಟೋ ತೆಗೆಸುತ್ತಿದ್ದಾರೆಂದು ಒಬ್ಬಳು ಅಜ್ಜಿ ಮಾದೇವಿಗೆ ನಗಲು ಹೇಳಿದಳು. ನಾನು ನೆಲದ ಮೇಲೆ ಮಲಗಿ ಚೈನಿಗೆ ಬೆರಳು ಕೊಟ್ಟು ಕುಣಿಸಿ ನೋಡಿದೆ. ಎರಡು ಲಿಂಕ್ ಹೆಚ್ಚಿತ್ತು. ಇಳಿಸಿ, ಕತ್ತರಿಸಿ, ಮತ್ತೆ ಕೂರಿಸಿ ನೋಡಿದೆ. ಬೇಕಾದಷ್ಟೇ ಆಡುತ್ತಿತ್ತು.

ಆ ಎರಡು ಲಿಂಕನ್ನು ಡಬ್ಬಿಗೆ ಹಾಕಲು ಹೋದಾಗ ಮಾದೇವಿ ಕೈ ಚಾಚಿದಳು. ಸೀರೆ ಅಂಚಿನಲ್ಲಿ ಒರೆಸಿ ತನ್ನ ಬೀಗದಕೈ ಗೊಂಚಲಿಗೆ ಸಿಕ್ಕಿಸಿಕೊಂಡಳು. ಹಳೆಯ ಸ್ಪ್ರಾಕೆಟ್ ಎರಡನ್ನೂ ಒಯ್ದಳು. ನಲವತ್ತಾರರದು ಈಗ ಬೈತಖೋಲದಲ್ಲಿ ಒಣಮೀನಿನ ಬಲೆ ಹಾರದಂತೆ ಭಾರಕ್ಕಿದೆ. ಮೂವತ್ತೆಂಟರದು ಬೆಳಂಬಾರದಲ್ಲಿ ಅವಳ ಆಯಿಯ ಕೊಡದ ಅಡಿಗೆ ಸಿಂಬೆಯಾಗಿದೆ.

ಆಮೇಲೆ ಇಬ್ಬರೂ ಕದ್ದು ಕದ್ದು ನನ್ನಲ್ಲಿಗೆ ಬಂದರು. ಟೆಂಪೋದವ ಹಾರ್ನು ಹೊಡೆದು ತನ್ನನ್ನು ಹಿಂದೆ ಹಾಕಿದನೆಂದು ದೇವಿದಾಸ ಅತ್ತುಕೊಂಡ. ಬೀರಿಯ ಏರಿನಲ್ಲಿ ಇಳಿದು ತಳ್ಳಬೇಕಾಗುತ್ತದೆ, ಅವಳು ಕೋಳಿಗಳನ್ನು ಕರೆದು ಕಾಯುತ್ತಾ ನಿಲ್ಲುತ್ತಾಳೆ ಎಂದು ಕಿಶೋರ ಗೋಳಾಡಿದ. ತಾಂಡೇಲನನ್ನು ಕೇಳಿಕೊಂಡು ಬನ್ನಿ ಎಂದೆ. ಒಬ್ಬನೂ ಕೇಳಿಕೊಂಡು ಬರಲಿಲ್ಲ.

ಆಮೇಲೊಂದು ಬುಧವಾರ ಗಾಡಿ ನನ್ನೆದುರು ನಿಂತಿತು. ಬಿಚ್ಚುವುದಕ್ಕಲ್ಲ, ಚೈನಿಗೆ ಎಣ್ಣೆ ಬಿಡುವುದಕ್ಕೆ. ದೇವಿದಾಸ ನನ್ನ ಕಿವಿಯ ಹತ್ತಿರ ಬಗ್ಗಿದ. "ಮುಂದಿನ್ ಸಲ ಒಂದೆರಡು ಹಲ್ಲು ಕಮ್ಮಿ ಮಾಡೂಕೆ..."

ಹಿಂದಿನ ಸೀಟಿನಲ್ಲಿ ಬೀಗದಕೈ ಗೊಂಚಲು ಝಣ್ ಎಂದಿತು. ಬಿರುಗಾಳಿಯಲ್ಲೂ ದೋಣಿ ಇಳಿಸಿದ ದೇವಿದಾಸ ನೆಟ್ಟಗೆ ಕೂತ.

"ನಡೀರಿ," ಎಂದಳು ಮಾದೇವಿ, ಚೀಲವನ್ನು ತೊಡೆಯ ಮೇಲೆ ಸರಿ ಮಾಡಿಕೊಳ್ಳುತ್ತ. "ಆಯಿ ಉಣ್ಣದೆ ಕೂತದೆ."